ಕಾಮನ್ ಗೇಟ್‌ವೇ ಇಂಟರ್‌ಫೇಸ್

ಕಾಮನ್ ಗೇಟ್‌ವೇ ಇಂಟರ್‌ಫೇಸ್ ಅಥವಾ ಸಿಜಿಐ ಎಂಬುದು ವೆಬ್ ಸರ್ವರ್ ಮತ್ತು ಸ್ಕ್ರಿಪ್ಟ್‌ಗಳ ನಡುವೆ ಮಾಹಿತಿ ವಿನಿಮಯ ಹೇಗೆ ನಡೆಯಬೇಕೆಂದು ನಿಗದಿಪಡಿಸುವ ನಿಯಮಾವಳಿಯಾಗಿದೆ. ಇದು 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ರೂಪುಗೊಂಡಿತು. ಇದರ 1.1ನೆಯ ಆವೃತ್ತಿಯ ವಿವರಣೆ 2004ರಲ್ಲಿ ಆರ್‌ಎಫ್‌ಸಿ 3875 ಎಂಬ ದಾಖಲೆಯಾಗಿ ಪ್ರಕಟವಾಯಿತು.

ಕಾರ್ಯವಿಧಾನ

ಸ್ಥಿರ ಪುಟವನ್ನು ಸರ್ವರ್ ಇದ್ದಂತೆಯೇ ಕಳುಹಿಸುತ್ತದೆ. ಬಳಕೆದಾರರು ತುಂಬಿದ ಅರ್ಜಿಗೆ ತಕ್ಕ ಉತ್ತರವನ್ನು ಆ ಕ್ಷಣದಲ್ಲಿ ಸಿದ್ಧಪಡಿಸಬೇಕಾದಾಗ ಅದು ಸ್ಕ್ರಿಪ್ಟೊಂದನ್ನು ಚಾಲನೆಗೊಳಿಸುತ್ತದೆ. ಗೆಟ್ ವಿಧಾನದಲ್ಲಿ, ವಿಳಾಸದ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಸ್ಕ್ರಿಪ್ಟನ್ನು ತಲುಪುತ್ತದೆ. ಪೋಸ್ಟ್ ವಿಧಾನದಲ್ಲಿ ದತ್ತಾಂಶವು ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಬರುತ್ತದೆ. ಸ್ಕ್ರಿಪ್ಟ್ ಮೊದಲು ಹೆಡರ್ ಸಾಲುಗಳನ್ನು, ಬಳಿಕ ಒಂದು ಖಾಲಿ ಸಾಲನ್ನು, ಅನಂತರ ಪುಟದ ವಿಷಯವನ್ನು ನೀಡುತ್ತದೆ. ಸರ್ವರ್ ಅದನ್ನು ಬ್ರೌಸರಿಗೆ ತಲುಪಿಸುತ್ತದೆ. ಆ ಖಾಲಿ ಸಾಲು ತಪ್ಪಿದರೆ ಸಾಮಾನ್ಯವಾಗಿ 500 ಸಂಖ್ಯೆಯ ದೋಷ ಸಂದೇಶ ಕಾಣಿಸಿಕೊಳ್ಳುತ್ತದೆ.

ಅನುಕೂಲ ಮತ್ತು ಮಿತಿಗಳು

ಸಿಜಿಐ ಯಾವುದೇ ಒಂದು ಭಾಷೆಗೆ ಸೀಮಿತವಲ್ಲ; ಸ್ಕ್ರಿಪ್ಟನ್ನು ಪರ್ಲ್, ಸಿ, ಪೈಥಾನ್ ಮುಂತಾದವುಗಳಲ್ಲಿ ಬರೆಯಬಹುದು. ಆದರೆ ಪ್ರತಿಯೊಂದು ಕೋರಿಕೆಗೂ ಹೊಸ ಪ್ರಕ್ರಿಯೆ ಆರಂಭವಾಗುವುದರಿಂದ, ಕೋರಿಕೆಗಳು ಹೆಚ್ಚಿದಂತೆ ಸರ್ವರ್‌ನ ಮೇಲಿನ ಹೊರೆಯೂ ಹೆಚ್ಚುತ್ತದೆ. ಒಂದೇ ಪ್ರಕ್ರಿಯೆಯಿಂದ ಅನೇಕ ಕೋರಿಕೆಗಳಿಗೆ ಉತ್ತರಿಸುವ ಫಾಸ್ಟ್‌ಸಿಜಿಐ ಈ ಹೊರೆಯನ್ನು ತಗ್ಗಿಸುತ್ತದೆ. ಬಳಕೆದಾರರು ಕಳುಹಿಸಿದ ಮಾಹಿತಿಯನ್ನು ಪರಿಶೀಲಿಸದೆ ಆಜ್ಞೆಯೊಳಗೆ ಸೇರಿಸಿದಲ್ಲಿ, ಹೊರಗಿನವರು ಸರ್ವರ್‌ನಲ್ಲಿ ತಮಗೆ ಬೇಕಾದ ಆಜ್ಞೆಗಳನ್ನು ನಡೆಸುವ ಅಪಾಯವಿದೆ.