ಕೌಟುಂಬಿಕ ದೌರ್ಜನ್ಯ: ನೊಂದ ಮಹಿಳೆಯರ ನೆರವು ಸೇವೆಗಳು (ಹೊನ್ನಾಳಿ ಸೀಮೆ)

ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರು ಈಗ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರ ಆಗಸ್ಟ್‌ವರೆಗೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೂ ಇದ್ದವು. ನ್ಯಾಮತಿ ಇತ್ತೀಚಿನವರೆಗೂ ಹೊನ್ನಾಳಿಗೆ ಸೇರಿತ್ತು. ಹಿಂದಿನ ಮತ್ತು ಇಂದಿನ ಜಿಲ್ಲಾವಾರು ಅಂಕಿಅಂಶಗಳನ್ನು ನೇರವಾಗಿ ಹೋಲಿಸಿ ದೌರ್ಜನ್ಯ ಏರಿತು, ಇಳಿಯಿತು ಎನ್ನುವ ಬರಹಗಳನ್ನು ಆದ್ದರಿಂದ ನಂಬುವಂತಿಲ್ಲ.

ವರದಕ್ಷಿಣೆ ನಿಷೇಧ ಕಾಯ್ದೆ (1961), ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸಿದ, ಹಿಂದಿನ ದಂಡಸಂಹಿತೆಯ 498-ಎ ಕಲಂ (1983) ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಕಡಿಮೆ ದಾಖಲಾಗಿರುವುದು ಸಂಘಟನೆಗಳ ಕೆಲಸ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಹಿಳಾ ಸಂಘಟನೆ ವಿಮೋಚನಾ 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಕಾಲಿಟ್ಟಿತು. ಸ್ಟೌ ಸಿಡಿಯಿತು, ಸೆರಗಿಗೆ ಬೆಂಕಿ ತಗುಲಿತು ಎಂದು ಬರೆದು ಮುಗಿಸಿದ್ದ ಅಸಹಜ ಸಾವುಗಳನ್ನು ಅದರ ಕಾರ್ಯಕರ್ತೆಯರು ಪ್ರಶ್ನಿಸಿದರು. ಅಲ್ಲಿಯವರೆಗೆ ಕಡತಕ್ಕೆ ಹೆಚ್ಚಾಗಿ ಬರುತ್ತಿದ್ದುದು ಸತ್ತವರ ಲೆಕ್ಕ. ಬದುಕುಳಿದವಳ ಹೊಡೆತ ರಾಜಿ ಪಂಚಾಯಿತಿಯಲ್ಲೇ ಮುಗಿಯುತ್ತಿತ್ತು.

2000–01ರಲ್ಲಿ ರಾಜ್ಯ ಸರ್ಕಾರ ಸ್ವಯಂಸೇವಾ ಸಂಸ್ಥೆಗಳ ಮೂಲಕ ಸಾಂತ್ವನ ಕೇಂದ್ರಗಳನ್ನು ಆರಂಭಿಸಿತು. ಆದರೂ ನಿಜವಾದ ತಿರುವು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಸಂರಕ್ಷಣಾಧಿಕಾರಿಗಳಾದರು. ಹೊಡೆತದ ಜೊತೆಗೆ ಬೈಗುಳ, ಕಿತ್ತುಕೊಂಡ ಒಡವೆ, ಖರ್ಚಿಗೆ ಕೊಡದ ಹಣ, ಮನೆಯಿಂದ ಹೊರಹಾಕಿದ್ದು, ಇವೆಲ್ಲ ಅವರು ದಾಖಲಿಸುವ ಘಟನಾ ವರದಿಯಲ್ಲಿ ಬೇರೆ ಬೇರೆ ಅಂಕಣಗಳಾದವು. ರಕ್ಷಣೆ ಸಾಕೇ, ಮನೆಯಲ್ಲಿ ವಾಸದ ಹಕ್ಕು ಬೇಕೇ, ಜೀವನಾಂಶ ಬೇಕೇ, ಮಕ್ಕಳು ಯಾರ ಬಳಿ ಇರಬೇಕು ಎಂದು ಅರ್ಜಿಯಲ್ಲಿ ಕೇಳುವವಳು ನೊಂದ ಮಹಿಳೆಯೇ. ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ತವರಿಗೆ ಬಂದಿದ್ದರೆ ತವರೂರಿನ ನ್ಯಾಯಾಲಯಕ್ಕೇ ಹೋಗಬಹುದು. ಜಗಳೂರಿಗೆ ಮದುವೆಯಾಗಿ ಹೋದ ಹೊನ್ನಾಳಿಯ ಮಗಳಿಗೆ ಇದು ಸಣ್ಣ ಸೌಲಭ್ಯವಲ್ಲ. ಅರವತ್ತು ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ಯತ್ನಿಸಬೇಕೆಂಬ ಮಾತು ಮಾತ್ರ ಬಹುಪಾಲು ಕಾಗದದಲ್ಲೇ ಉಳಿದಿದೆ.

2015ರಲ್ಲಿ ಕೇಂದ್ರದ ಸಖಿ ಯೋಜನೆ ಬಂತು: ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಐದು ದಿನದವರೆಗೆ ಆಶ್ರಯ ಒಂದೇ ಸೂರಿನಡಿ, ಜೊತೆಗೆ 181 ಸಹಾಯವಾಣಿ. ಆದರೆ ಇದು ಜಿಲ್ಲಾ ಮಟ್ಟದ ಏರ್ಪಾಡು. ಹೊನ್ನಾಳಿಯವಳು ಸುಮಾರು 40 ಕಿ.ಮೀ. ದೂರದ ದಾವಣಗೆರೆಗೆ ಬಸ್ ಹಿಡಿಯಬೇಕು.

ತಾಲ್ಲೂಕು ಮಟ್ಟದಲ್ಲೂ ಸಂರಕ್ಷಣಾಧಿಕಾರಿಗಳನ್ನು ಗುರುತಿಸುವಂತೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕದಲ್ಲಿ ಆ ಹುದ್ದೆ ಹೆಸರಿಗೆ ಮೊದಲೇ ಇತ್ತು. ಅದನ್ನು ಹೊತ್ತ ಸಿಡಿಪಿಒ ಮೇಲೆ ಅಂಗನವಾಡಿ, ಪೂರಕ ಪೌಷ್ಟಿಕ ಆಹಾರದ ಹೊಣೆಯೂ ಇದೆ.