ಒಂದೇ ಬಾಗಿಲಿನ ವಠಾರ

ಕಚೇರಿಯಲ್ಲಿ ಇಂಟರ್‌ನೆಟ್ ಫೋನು ಹಾಕಿಸಿದ ಅನೇಕರಿಗೆ ಈ ಅನುಭವ ಆಗಿರುತ್ತದೆ. ಫೋನು ರಿಂಗಾಗುತ್ತದೆ. ಎತ್ತಿಕೊಂಡರೆ ನಾವು ಆಡಿದ್ದು ಅವರಿಗೆ ಕೇಳುತ್ತದೆ, ಅವರು ಆಡಿದ್ದು ನಮಗೆ ಕೇಳುವುದಿಲ್ಲ. ಫೋನೂ ಸರಿ, ತಂತಿಯೂ ಸರಿ. ಈ ಅರೆಕಿವುಡಿನ ಮೂಲ ಹುಡುಕಿದರೆ 1994ರ ಒಂದು ತಾತ್ಕಾಲಿಕ ಏರ್ಪಾಡಿಗೆ ಹೋಗಿ ಮುಟ್ಟುತ್ತೇವೆ.

1981ರಲ್ಲಿ ಇಂಟರ್‌ನೆಟ್ಟಿನ ವಿಳಾಸ ಪದ್ಧತಿ ನಿಗದಿಯಾದಾಗ ಒಂದು ವಿಳಾಸಕ್ಕೆ 32 ಬಿಟ್ ಇಟ್ಟರು. ಲೆಕ್ಕಕ್ಕೆ ಸುಮಾರು 429 ಕೋಟಿ ವಿಳಾಸಗಳು. ಯಂತ್ರಕ್ಕೊಂದು ವಿಳಾಸ, ಯಾರು ಬೇಕಾದರೂ ಯಾರನ್ನಾದರೂ ನೇರವಾಗಿ ಕರೆಯಬಹುದು ಎಂಬುದು ಅದರ ಆಶಯ. ತೊಂಬತ್ತರ ದಶಕ ಶುರುವಾಗುವಷ್ಟರಲ್ಲಿ ವಿಳಾಸಗಳು ಮುಗಿದುಹೋಗುವ ಆತಂಕ ಹುಟ್ಟಿತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಆರ್‌ಎಫ್‌ಸಿ 1631 ಎಂಬ ದಾಖಲೆಯಲ್ಲಿ 'ನ್ಯಾಟ್' ಎಂಬ ಉಪಾಯ ವಿವರಿಸಿದರು. ಅದು ಅಲ್ಪಕಾಲದ ಪರಿಹಾರವೆಂದೂ, ಅದರಿಂದ ಕೆಲವು ತಂತ್ರಾಂಶಗಳಿಗೆ ತೊಂದರೆಯಾಗುವುದೆಂದೂ ಅವರೇ ಬರೆದರು.

ಉಪಾಯ ನಮ್ಮ ಹಳೆಯ ವಠಾರದಂಥದ್ದು. ಒಳಗೆ ಹತ್ತು ಮನೆ, ಬೀದಿಗೆ ಒಂದೇ ಬಾಗಿಲು. ಹೊರಹೋಗುವ ಕಾಗದದ ಲಕೋಟೆಯ ಮೇಲೆ ರೂಟರ್ ತನ್ನ ವಿಳಾಸ ಬರೆಯುತ್ತದೆ, ಕಳಿಸಿದವರಾರೆಂದು ನೆನಪಿಟ್ಟುಕೊಂಡು ಉತ್ತರವನ್ನು ಅವರಿಗೇ ಮುಟ್ಟಿಸುತ್ತದೆ. ತಾನಾಗಿ ಬಂದ ಕಾಗದ ಯಾವ ಮನೆಯದೆಂದು ತಿಳಿಯದೆ ಬಿಸಾಡುತ್ತದೆ. ವೆಬ್ ಓದುವವನು ತಾನೇ ಮೊದಲು ಕೇಳುವವನು, ಅವನಿಗೆ ಇದರಿಂದ ಬಾಧಕವಿಲ್ಲ. ಫೋನು ಹಾಗಲ್ಲ. ಬೇರೆಯವರು ಕರೆದಾಗ ಸಿಗುವುದೇ ಅದರ ಕೆಲಸ.

1999ರಲ್ಲಿ ಕರೆ ಜೋಡಿಸುವ 'ಸಿಪ್' ನಿಯಮಾವಳಿ ಬಂತು. ಅದೇ ವರ್ಷ ಮಾರ್ಕ್ ಸ್ಪೆನ್ಸರ್ 'ಆಸ್ಟರಿಸ್ಕ್' ಆರಂಭಿಸಿದ್ದರಿಂದ ಸಾಧಾರಣ ಕಂಪ್ಯೂಟರೇ ಸಣ್ಣ ಕಚೇರಿಯ ಟೆಲಿಫೋನ್ ಎಕ್ಸ್‌ಚೇಂಜ್ ಆಗಬಹುದಾಯಿತು. ತೊಡಕೂ ಅಲ್ಲೇ ಕಾದಿತ್ತು. ಫೋನು ಆಗಾಗ ಹೊರಗಿನ ಸರ್ವರಿಗೆ 'ಇಲ್ಲಿದ್ದೇನೆ' ಎನ್ನುತ್ತಿರುವುದರಿಂದ ರಿಂಗೇನೋ ಆಗುತ್ತದೆ. ಆದರೆ ಧ್ವನಿ ಎಲ್ಲಿಗೆ ಕಳಿಸಬೇಕೆಂಬ ವಿಳಾಸವನ್ನು ಸಿಪ್ ಕಾಗದದ ಒಳಗೆ ಬರೆಯುತ್ತದೆ, ರೂಟರ್ ತಿದ್ದುವುದು ಲಕೋಟೆಯನ್ನು ಮಾತ್ರ. ಒಳಗೆ 192.168.1.20 ಎಂದಿದ್ದರೆ ಅದು ವಠಾರದೊಳಗಿನ ಮನೆ ನಂಬರು, ಊರಿಗೆ ಗೊತ್ತಿಲ್ಲ. ಅವರ ಮಾತು ದಾರಿಯಲ್ಲೇ ಕಳೆದುಹೋಗುತ್ತದೆ.

ಇದಕ್ಕೆ ಕಚೇರಿಗಳು ಕಂಡುಕೊಂಡ ದಾರಿ ಪೋರ್ಟ್ ಫಾರ್ವರ್ಡಿಂಗ್. 5060ನೇ ಪೋರ್ಟಿಗೆ ಬಂದ ಕರೆಯನ್ನೂ, 10000ದಿಂದ 20000ದವರೆಗಿನ ಪೋರ್ಟುಗಳಿಗೆ ಬಂದ ಧ್ವನಿಯನ್ನೂ ಎಕ್ಸ್‌ಚೇಂಜ್ ಯಂತ್ರಕ್ಕೇ ಕಳಿಸು ಎಂದು ರೂಟರಿಗೆ ಬರೆದಿಡುವುದು. ಕಚೇರಿಯ ಹೊರವಿಳಾಸವನ್ನು ಎಕ್ಸ್‌ಚೇಂಜಿಗೂ ತಿಳಿಸಬೇಕು, ಇಲ್ಲವಾದರೆ ಕಾಗದದೊಳಗೆ ಅದೇ ತಪ್ಪು ವಿಳಾಸ ಉಳಿಯುತ್ತದೆ. ಆದರೆ ತೆರೆದ ಬಾಗಿಲಿಗೆ ಕಳ್ಳರೂ ಬರುತ್ತಾರೆ. ದುರ್ಬಲ ಪಾಸ್‌ವರ್ಡ್ ಮುರಿದು ವಿದೇಶಕ್ಕೆ ಕರೆ ಮಾಡಿದರೆ ಬಿಲ್ಲು ಕಟ್ಟುವವರು ಕಚೇರಿಯವರು. ಸೇವೆ ಕೊಡುವವರ ವಿಳಾಸದಿಂದ ಬಂದದ್ದನ್ನಷ್ಟೇ ಒಳಬಿಡುವುದು ಕ್ಷೇಮ.

2003ರಲ್ಲಿ 'ಸ್ಟನ್' ಬಂತು. ತನ್ನ ಹೊರವಿಳಾಸವೇನೆಂದು ಫೋನು ಹೊರಗಿನ ಸರ್ವರನ್ನೇ ಕೇಳಿ ತಿಳಿಯುವ ವಿಧಾನ ಅದು. 2010ರಲ್ಲಿ ಪ್ರಮಾಣವಾದ 'ಐಸ್' ಹಲವು ದಾರಿ ಪರೀಕ್ಷಿಸಿ ತೆರೆದಿರುವುದನ್ನು ಹಿಡಿಯುತ್ತದೆ. ಇಂದು ಬ್ರೌಸರಿನಲ್ಲಿ ವಿಡಿಯೊ ಕರೆ ಸಲೀಸಾಗಿ ಸಿಗುವುದರ ಹಿಂದೆ ಇವೇ ಇವೆ.

2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ವಿಳಾಸಗಳೂ ಹಂಚಿಹೋದವು. ಯಂತ್ರಕ್ಕೊಂದು ವಿಳಾಸ ಮತ್ತೆ ಕೊಡಬಲ್ಲ ಐಪಿವಿ6 1995ರಲ್ಲೇ ಸಿದ್ಧವಾಗಿತ್ತು. ವಠಾರ ಮಾತ್ರ ಖಾಲಿಯಾಗಲಿಲ್ಲ. ಹಾಗಾಗಿ ಅಲ್ಪಕಾಲಕ್ಕೆಂದು ಕಟ್ಟಿದ ಬಾಗಿಲಲ್ಲಿ ನಿಂತು, ಯಾವ ಕರೆ ಯಾವ ಮನೆಗೆಂದು ನಾವು ಇಂದಿಗೂ ಬರೆದಿಡುತ್ತಿದ್ದೇವೆ.