ಏಳು ರಾತ್ರಿ, ಆರು ಬಂದರು: ಮೆಡಿಟರೇನಿಯನ್ ಹಡಗುಯಾನಕ್ಕೆ ಬೇಕಾದ ಸಮಯದ ಲೆಕ್ಕ

ಒಂದೇ ವಾರದಲ್ಲಿ ನಾಲ್ಕು ದೇಶ, ಆರು ಊರು. ಹೋಟೆಲಿನಿಂದ ಹೋಟೆಲಿಗೆ ಪೆಟ್ಟಿಗೆ ಹೊರುವ ಗೋಜಿಲ್ಲ. ರಾತ್ರಿ ಮಲಗಿದ ಕೋಣೆಯೇ ಬೆಳಗಾಗುವಷ್ಟರಲ್ಲಿ ಮತ್ತೊಂದು ಊರಿನ ಬಾಗಿಲಲ್ಲಿ ನಿಂತಿರುತ್ತದೆ. ಮೆಡಿಟರೇನಿಯನ್ ಸಮುದ್ರದ ಕ್ರೂಸ್ ಪ್ರವಾಸಗಳ ಜಾಹೀರಾತು ಹೇಳುವುದು ಹೀಗೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹಡಗು ಬಂದರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಬಂದರಿನಿಂದ ಊರು ಎಷ್ಟು ದೂರ, ಮರಳಿ ಹಡಗು ಏರಲು ಕೊನೆಯ ಗಳಿಗೆ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಜಾಹೀರಾತಿನಲ್ಲಿ ಉತ್ತರ ಸಿಗುವುದಿಲ್ಲ. ಲಕ್ಷಾಂತರ ರೂಪಾಯಿ ವ್ಯಯಿಸಿ ಹೊರಡುವ ಕುಟುಂಬವು ಮುಂಗಡ ಹಣ ಕಟ್ಟುವ ಮೊದಲು ತಿಳಿದಿರಬೇಕಾದದ್ದು ಈ ಮೂರನ್ನೇ.

ಮೊದಲು ಹಡಗಿನ ಗಾತ್ರವನ್ನು ನೋಡೋಣ. 2022ರಲ್ಲಿ ಸೇವೆಗೆ ಬಂದ ‘ಎಂಎಸ್‌ಸಿ ವರ್ಲ್ಡ್ ಯುರೋಪಾ’ದ ಉದ್ದ 333 ಮೀಟರ್. ಎಲ್ಲ ಹಾಸಿಗೆಗಳೂ ತುಂಬಿದರೆ ಪ್ರಯಾಣಿಕರೇ 6,700ಕ್ಕೂ ಹೆಚ್ಚು. ಸಿಬ್ಬಂದಿ ಎರಡು ಸಾವಿರದ ಮೇಲೆ. ನಮ್ಮ ಕಡೆಯ ಒಂದು ಹೋಬಳಿ ಕೇಂದ್ರದ ಜನವೆಲ್ಲ ಒಟ್ಟಾಗಿ ತೇಲಿ ಹೋದಂತೆ. 2024ರ ಬೇಸಿಗೆಯಲ್ಲಿ ಈ ಹಡಗು ಜಿನೋವಾ, ನೇಪಲ್ಸ್, ಮೆಸ್ಸಿನಾ, ವಲೆಟ್ಟಾ, ಬಾರ್ಸಿಲೋನಾ, ಮಾರ್ಸೇ ಮಾರ್ಗದಲ್ಲಿ ವಾರಕ್ಕೊಂದು ಸುತ್ತು ಹಾಕುತ್ತಿತ್ತು. ಏಳು ದಿನಗಳಲ್ಲಿ ಪೂರ್ತಿ ಸಮುದ್ರದಲ್ಲೇ ಕಳೆಯುವ ದಿನ ಒಂದೇ. ಉಳಿದಂತೆ ದಿನಕ್ಕೊಂದು ಬಂದರು. ಬಂದರು ಹೆಚ್ಚಿರುವ ಯಾನಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇಂಥ ಮಾರ್ಗಗಳಲ್ಲಿ ಇನ್ನೊಂದು ವಿಶೇಷವಿದೆ. ಎಲ್ಲರೂ ಒಂದೇ ಊರಿನಲ್ಲಿ ಹತ್ತಿ ಒಂದೇ ಊರಿನಲ್ಲಿ ಇಳಿಯುವುದಿಲ್ಲ. ಇಟಲಿಯವರು ಜಿನೋವಾದಲ್ಲಿ, ಸ್ಪೇನಿನವರು ಬಾರ್ಸಿಲೋನಾದಲ್ಲಿ, ಫ್ರೆಂಚರು ಮಾರ್ಸೇಯಲ್ಲಿ ಹತ್ತಿ, ವಾರ ತುಂಬಿದ ಮೇಲೆ ಅಲ್ಲಲ್ಲಿಯೇ ಇಳಿಯುತ್ತಾರೆ. ಆದುದರಿಂದ ಬೆಂಗಳೂರಿನಿಂದ ಯಾವ ನಗರಕ್ಕೆ ವಿಮಾನದ ದರ ಅಗ್ಗವೋ ಅಲ್ಲಿಂದಲೇ ಯಾನ ಆರಂಭಿಸಲು ಬರುತ್ತದೆ. ಈ ಅನುಕೂಲವನ್ನು ನಮ್ಮ ಪ್ರಯಾಣಿಕರು ಹೆಚ್ಚಾಗಿ ವಿಚಾರಿಸುವುದೇ ಇಲ್ಲ. ವಿಮಾನ ನಡುವೆ ಬದಲಿಸಬೇಕಾದ ದಾರಿಯಾದ್ದರಿಂದ ಒಂದು ದಿನ ಮುಂಚಿತವಾಗಿ ಆ ಊರು ಸೇರಿ ರಾತ್ರಿ ತಂಗುವುದು ಕ್ಷೇಮ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ಹೆಸರು ರೋಮ್, ಇಳಿಯುವುದು ಚಿವಿತಾವೆಕ್ಕಿಯಾ

ಪಶ್ಚಿಮ ಮೆಡಿಟರೇನಿಯನ್‌ನ ಅನೇಕ ಯಾನಗಳ ಪಟ್ಟಿಯಲ್ಲಿ ‘ರೋಮ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ರೋಮ್ ನಗರಕ್ಕೆ ದೊಡ್ಡ ಹಡಗು ಹೋಗುವುದು ಸಾಧ್ಯವಿಲ್ಲ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ಟ್ರಾಜನ್ ಚಕ್ರವರ್ತಿ ಕಟ್ಟಿಸಿದ ಈ ಬಂದರು ರೋಮ್‌ನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ‘ಫ್ಲಾರೆನ್ಸ್’ ಎಂದರೆ ಲಿವೊರ್ನೊ ಅಥವಾ ಲಾ ಸ್ಪೆಜಿಯಾ. ಲಿವೊರ್ನೊದಿಂದ ಫ್ಲಾರೆನ್ಸ್‌ಗೆ ಸುಮಾರು 90 ಕಿಲೋಮೀಟರ್. ಲಾ ಸ್ಪೆಜಿಯಾದಿಂದ ಇನ್ನೂ ಹೆಚ್ಚು.

ರೋಮ್‌ನ ದಿನವನ್ನೇ ಲೆಕ್ಕ ಹಾಕಿ ನೋಡಬಹುದು. ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಹತ್ತು ಗಂಟೆ. ಆರು ಸಾವಿರ ಜನರ ನಡುವೆ ಸರದಿಯಲ್ಲಿ ಇಳಿಯುವಾಗ 8.45. ಬಂದರಿನೊಳಗಿನ ಬಸ್ಸು ಹಿಡಿದು ಹೊರದ್ವಾರಕ್ಕೆ, ಅಲ್ಲಿಂದ ರೈಲು ನಿಲ್ದಾಣಕ್ಕೆ ಹೋದಾಗ 9.30. ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಗೂ ಮಿಕ್ಕಿದ ಪ್ರಯಾಣ. ರೋಮ್ ಸೇರಿದಾಗ 10.45. ಇತ್ತ ಪ್ರಯಾಣಿಕರೆಲ್ಲ ಹಡಗು ಸೇರಬೇಕಾದ ಗಡುವು ಹೊರಡುವ ವೇಳೆಗಿಂತ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಕೆಲವೆಡೆ ಒಂದು ಗಂಟೆ ಮೊದಲು. 5.30ರ ಗಡುವಿಗೆ ಒಂದು ಗಂಟೆಯ ಎಚ್ಚರಿಕೆ ಇಟ್ಟುಕೊಂಡರೆ ಮಧ್ಯಾಹ್ನ 2.45ಕ್ಕೆ ರೋಮ್ ಬಿಡಬೇಕು. ಕೈಯಲ್ಲಿ ಉಳಿಯುವುದು ನಾಲ್ಕು ಗಂಟೆ. ಅಷ್ಟರಲ್ಲಿ ಕೊಲೋಸಿಯಂ ನೋಡಬಹುದು, ಇಲ್ಲವೆ ವ್ಯಾಟಿಕನ್ ನೋಡಬಹುದು. ಎರಡನ್ನೂ ನೋಡುತ್ತೇವೆಂದು ಹೊರಟವರಿಗೆ ನೆನಪಿನಲ್ಲಿ ಉಳಿಯುವುದು ಸರದಿ ಸಾಲುಗಳು ಮಾತ್ರ.

ಇದರ ಜೊತೆಗೆ ವಾರದ ದಿನವನ್ನೂ ಗಮನಿಸಬೇಕು. ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟರೆ ವ್ಯಾಟಿಕನ್ ವಸ್ತುಸಂಗ್ರಹಾಲಯ ಭಾನುವಾರಗಳಂದು ತೆರೆದಿರುವುದಿಲ್ಲ. ಫ್ಲಾರೆನ್ಸ್‌ನ ಉಫೀಜಿ ಕಲಾಶಾಲೆಗೆ ಸೋಮವಾರ ರಜೆ. ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿಗೆ ವೇಳೆ ನಿಗದಿಯಾದ ಟಿಕೆಟ್ ಮೊದಲೇ ಪಡೆದಿರಬೇಕು. ನೇಪಲ್ಸ್ ಬಳಿಯ ಪೊಂಪೆ ಅವಶೇಷಗಳಿಗೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಮಂದಿಯ ಮಿತಿ ಹಾಕಲಾಗಿದ್ದು, ಟಿಕೆಟಿನ ಮೇಲೆ ನೋಡುಗರ ಹೆಸರು ಇರುತ್ತದೆ.

ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವೇನಲ್ಲ. ಅವುಗಳ ದಿನಾಂಕ ಮುಂಚಿತವಾಗಿಯೇ ಪ್ರಕಟವಾಗುತ್ತದೆ. ಮುಷ್ಕರವಿದ್ದರೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ನಡೆಸಬೇಕೆಂಬ ನಿಯಮವಿದೆ. ಕಚೇರಿಗೆ ಹೋಗುವವರಿಗೆ ಅದು ಒದಗೀತು, 5.30ಕ್ಕೆ ಹಡಗಿನಲ್ಲಿರಬೇಕಾದ ಪ್ರಯಾಣಿಕನಿಗೆ ಸಂಜೆ 6ರ ರೈಲಿನಿಂದ ಏನೂ ಪ್ರಯೋಜನವಿಲ್ಲ.

ಹಡಗು ತಪ್ಪಿದರೆ

ಬಂದರಿನಲ್ಲಿ ಊರು ನೋಡಲು ಎರಡು ದಾರಿ. ಹಡಗಿನ ಕಂಪನಿಯೇ ಏರ್ಪಡಿಸುವ ಪ್ರವಾಸ ಒಂದು. ಸ್ವಂತವಾಗಿ ಹೋಗುವುದು ಇನ್ನೊಂದು. ಮೊದಲನೆಯದು ದುಬಾರಿ, ನಲವತ್ತು ಐವತ್ತು ಜನರ ಹಿಂಡು, ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ನಡಿಗೆ. ಆದರೆ ಆ ಬಸ್ಸು ದಟ್ಟಣೆಯಲ್ಲಿ ಸಿಲುಕಿದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಕಂಪನಿಯದು. ಸ್ವಂತವಾಗಿ ಹೋದವರಿಗೆ ಈ ಭರವಸೆ ಇಲ್ಲ. ಗಡುವು ಮೀರಿದರೂ ಬಾರದವರ ಪಾಸ್‌ಪೋರ್ಟನ್ನು ಕೋಣೆಯಿಂದ ತೆಗೆದು ಬಂದರಿನ ಏಜೆಂಟರಿಗೆ ಒಪ್ಪಿಸಿ ಹಡಗು ಹೊರಟುಬಿಡುವುದು ಸಾಮಾನ್ಯ ರೂಢಿ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಬೇಕು. ಬಾರ್ಸಿಲೋನಾದಲ್ಲಿ ತಪ್ಪಿಸಿಕೊಂಡವರು ಮಾರ್ಸೇಗೆ ನೆಲದ ಮೇಲೆಯೇ ಹೋಗಬಹುದು. ಮೆಸ್ಸಿನಾದಲ್ಲಿ ತಪ್ಪಿಸಿಕೊಂಡವರ ಮುಂದಿನ ಬಂದರು ವಲೆಟ್ಟಾ, ಮಾಲ್ಟಾ ದ್ವೀಪರಾಷ್ಟ್ರ. ಕಟಾನಿಯಾದಿಂದ ವಿಮಾನವನ್ನೋ ಪೊಜಾಲೊದಿಂದ ಫೆರಿಯನ್ನೋ ಹುಡುಕಬೇಕು.

ದೂರದ ಊರಿಗೆ ಹೋಗುವ ದಿನ ಹಡಗಿನ ಪ್ರವಾಸವನ್ನೇ ಕೊಂಡು, ಬಂದರಿನ ಪಕ್ಕದಲ್ಲೇ ಊರಿರುವ ಕಡೆ ಸ್ವಂತವಾಗಿ ನಡೆದಾಡುವುದು ವಿವೇಕದ ಕ್ರಮವೆಂದು ತೋರುತ್ತದೆ. ವೃದ್ಧ ತಂದೆತಾಯಿಗಳು ಜೊತೆಗಿದ್ದರಂತೂ ಇದರಲ್ಲಿ ಎರಡನೆಯ ಮಾತಿಲ್ಲ.

ಪಕ್ಕದಲ್ಲೇ ಊರಿರುವ ಬಂದರುಗಳು ಕಡಿಮೆಯೇನಲ್ಲ. ನೇಪಲ್ಸ್‌ನಲ್ಲಿ ಹಡಗಿನಿಂದ ಇಳಿದರೆ ಎದುರಿಗೇ ಕೋಟೆ, ಅದರ ಹಿಂದೆ ಊರು. ಮೆಸ್ಸಿನಾದಲ್ಲಿ ಹತ್ತಾರು ಹೆಜ್ಜೆಗೆ ಪೇಟೆ. 1908ರ ಡಿಸೆಂಬರ್ 28ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಕಟ್ಟಿದ ಈ ಊರಿನ ಮುಖ್ಯ ಚರ್ಚಿನ ಗಂಟೆಗೋಪುರದಲ್ಲಿ 1933ರಲ್ಲಿ ಸ್ಥಾಪಿಸಿದ ಖಗೋಳ ಗಡಿಯಾರವಿದೆ. ಮಧ್ಯಾಹ್ನ 12ಕ್ಕೆ ಅದರ ಯಾಂತ್ರಿಕ ಸಿಂಹ ಗರ್ಜಿಸುತ್ತದೆ, ಹುಂಜ ಕೂಗುತ್ತದೆ, ಬೊಂಬೆಗಳು ಸುತ್ತುತ್ತವೆ. ಬಿಸಿಲಿನಲ್ಲಿ ಎಟ್ನಾ ಪರ್ವತಕ್ಕೋ ಟಾವೊರ್ಮಿನಾಕ್ಕೋ ಓಡುವ ಬದಲು ಇದನ್ನು ನೋಡಿ, ನೆರಳಿನಲ್ಲಿ ಕುಳಿತು ಬರುವವರು ನಷ್ಟಪಡುವುದಿಲ್ಲ.

ವಲೆಟ್ಟಾಕ್ಕೆ ಹಡಗು ಪ್ರವೇಶಿಸುವ ನೋಟ ಇಡೀ ಯಾನದಲ್ಲಿಯೇ ಶ್ರೇಷ್ಠವಾದುದು ಎನ್ನಬಹುದು. 1566ರಲ್ಲಿ ಅಸ್ತಿವಾರ ಹಾಕಿದ ಈ ಕೋಟೆಪಟ್ಟಣದ ಜೇನುಬಣ್ಣದ ಗೋಡೆಗಳು ಗ್ರ್ಯಾಂಡ್ ಹಾರ್ಬರ್‌ನ ಬದಿಗೆ ಎದ್ದು ನಿಂತಿವೆ. ಆ ದಿನ ನಿದ್ದೆ ಬಿಟ್ಟು ಮೇಲಿನ ಅಂತಸ್ತಿಗೆ ಹೋಗಬೇಕು. ಬಂದರಿನ ಬಳಿಯಿಂದ 58 ಮೀಟರ್ ಎತ್ತರಕ್ಕೆ ಏರುವ ಲಿಫ್ಟ್ ನೇರವಾಗಿ ಅಪ್ಪರ್ ಬರಾಕ್ಕಾ ಉದ್ಯಾನಕ್ಕೆ ಒಯ್ಯುತ್ತದೆ. ಸಂತ ಜಾನ್ ಕೋ-ಕ್ಯಾಥೆಡ್ರಲ್‌ನಲ್ಲಿ ಕರವಾಜಿಯೊನ ಪ್ರಸಿದ್ಧ ಚಿತ್ರವಿದೆ. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಜಿನೋವಾದಲ್ಲಿಯೂ ಹಳೆಯ ಪೇಟೆ ನಡಿಗೆಯ ದೂರದಲ್ಲಿದೆ. ಬಾರ್ಸಿಲೋನಾದಲ್ಲಿ ದೊಡ್ಡ ಹಡಗುಗಳು ನಿಲ್ಲುವ ಕಟ್ಟೆಯಿಂದ ಕೊಲಂಬಸ್ ಸ್ತಂಭದವರೆಗೆ ಬಸ್ಸಿದೆ. ಮಾರ್ಸೇಯ ಕ್ರೂಸ್ ಟರ್ಮಿನಲ್ ಮಾತ್ರ ಹಳೆಯ ಬಂದರಿನಿಂದ ಹಲವು ಕಿಲೋಮೀಟರ್ ದೂರ. ನಡೆದು ಹೋಗುವ ಸಾಹಸ ಬೇಡ.

ಪೂರ್ವ ಭಾಗದಲ್ಲಿ ಬದಲಾದ ನಿಯಮಗಳು

ಏಡ್ರಿಯಾಟಿಕ್ ಮತ್ತು ಗ್ರೀಸ್ ಕಡೆಯ ಯಾನಗಳನ್ನು ಆಯ್ದುಕೊಳ್ಳುವವರು ಇನ್ನಷ್ಟು ಎಚ್ಚರ ವಹಿಸಬೇಕು. ದೈತ್ಯ ಹಡಗುಗಳ ವಿರುದ್ಧ ಅಲ್ಲಿನ ನಿವಾಸಿಗಳ ಅಸಮಾಧಾನ ಹಳೆಯದು. 2019ರ ಜೂನ್‌ನಲ್ಲಿ ‘ಎಂಎಸ್‌ಸಿ ಒಪೆರಾ’ ಹಡಗು ವೆನಿಸ್‌ನ ಕಾಲುವೆಯಲ್ಲಿ ನಿಯಂತ್ರಣ ತಪ್ಪಿ ದಡಕ್ಕೂ ಪ್ರವಾಸಿ ದೋಣಿಗೂ ಡಿಕ್ಕಿ ಹೊಡೆದ ಮೇಲೆ ಅದು ತೀವ್ರವಾಯಿತು. 2021ರ ಆಗಸ್ಟ್ 1ರಿಂದ 25,000 ಟನ್ ಮೀರಿದ ಹಡಗುಗಳು ಸಂತ ಮಾರ್ಕ್ ಚೌಕದ ಎದುರಿನಿಂದ ಹಾಯುವುದನ್ನು ಇಟಲಿ ಸರ್ಕಾರ ನಿಷೇಧಿಸಿತು. ಹೀಗಾಗಿ ಈಗ ಪಟ್ಟಿಯಲ್ಲಿ ‘ವೆನಿಸ್’ ಎಂದಿದ್ದರೆ ಅದು ಮಾರ್ಗೆರಾ ಕೈಗಾರಿಕಾ ಬಂದರು ಆಗಿರಬಹುದು, ರವೆನ್ನಾ ಅಥವಾ ತ್ರಿಯೆಸ್ತೆಯೂ ಆಗಿರಬಹುದು. ರವೆನ್ನಾದಿಂದ ವೆನಿಸ್‌ಗೆ ಬಸ್ಸಿನಲ್ಲಿ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಗ್ರೀಸ್‌ನ ಸಾಂತೊರಿನಿಯಲ್ಲಿ ದೊಡ್ಡ ಹಡಗಿಗೆ ಕಟ್ಟೆಯೇ ಇಲ್ಲ. ಹಡಗು ಸಮುದ್ರದಲ್ಲೇ ನಿಂತು, ಸಣ್ಣ ದೋಣಿಗಳು ಜನರನ್ನು ದಡಕ್ಕೆ ಒಯ್ಯುತ್ತವೆ. ಅಲ್ಲಿಂದ ಮೇಲಿನ ಊರಿಗೆ ರೋಪ್‌ವೇ, ಇಲ್ಲವೆ 588 ಮೆಟ್ಟಿಲು. ಇಳಿಯಲೂ ಏರಲೂ ಸರದಿ. 2025ರಿಂದ ಈ ದ್ವೀಪಕ್ಕೆ ದಿನಕ್ಕೆ 8,000 ಹಡಗು ಪ್ರಯಾಣಿಕರ ಮಿತಿ ವಿಧಿಸಲಾಗಿದೆ. ಅದೇ ವರ್ಷದ ಜುಲೈಯಿಂದ ಸಾಂತೊರಿನಿ ಮತ್ತು ಮಿಕೊನೊಸ್‌ಗಳಲ್ಲಿ ಇಳಿಯುವ ಪ್ರತಿ ಹಡಗು ಪ್ರಯಾಣಿಕನಿಗೂ ಬೇಸಿಗೆಯಲ್ಲಿ 20 ಯೂರೊ ಶುಲ್ಕವಿದೆ. ಬಾರ್ಸಿಲೋನಾ ಕೂಡ 2030ರ ವೇಳೆಗೆ ತನ್ನ ಕ್ರೂಸ್ ಟರ್ಮಿನಲ್‌ಗಳನ್ನು ಏಳರಿಂದ ಐದಕ್ಕೆ ಇಳಿಸುವ ಒಪ್ಪಂದವನ್ನು 2025ರಲ್ಲಿ ಮಾಡಿಕೊಂಡಿತು.

ಗಾಳಿ, ಅಲೆ ಅಥವಾ ಇಕ್ಕಟ್ಟಿನ ಕಾರಣ ಯಾವುದೇ ಬಂದರನ್ನು ಬಿಟ್ಟು ಸಾಗುವ ಅಧಿಕಾರವನ್ನು ಕಂಪನಿಗಳು ಕರಾರಿನಲ್ಲೇ ಇರಿಸಿಕೊಂಡಿರುತ್ತವೆ. ಹಾಗಾದಾಗ ಹಿಂತಿರುಗಿ ಬರುವುದು ಬಂದರಿನ ತೆರಿಗೆಯ ಹಣ ಮಾತ್ರ. ಒಂದೇ ಊರಿನ ಆಸೆಯಿಂದ ಹೊರಡುವವರು ಆ ಊರಿಗೆ ವಿಮಾನದಲ್ಲಿ ಹೋಗುವುದು ಲೇಸು.

ವೀಸಾ, ಖರ್ಚು, ಊಟ

ಸ್ಪೇನ್, ಫ್ರಾನ್ಸ್, ಇಟಲಿ, ಮಾಲ್ಟಾ ನಾಲ್ಕೂ ಷೆಂಗೆನ್ ವಲಯದಲ್ಲಿವೆ; ನಾಲ್ಕರಲ್ಲೂ ಯೂರೊ ಚಲಾವಣೆ, ಗಡಿಯಾರವೂ ಒಂದೇ. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಒಂದು ಷೆಂಗೆನ್ ವೀಸಾ ಸಾಕು. ಅತಿ ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆರು ತಿಂಗಳ ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಯಾನದ ಹಣ ಕಟ್ಟಿದ ಮಾತ್ರಕ್ಕೆ ವೀಸಾ ಖಾತರಿಯಲ್ಲ. ವೀಸಾ ದೊರೆಯದಿದ್ದರೆ ಎಷ್ಟು ಹಣ ಮರಳುತ್ತದೆಂಬುದನ್ನು ಏಜೆಂಟರಿಂದ ಬರಹದಲ್ಲಿ ಪಡೆಯಬೇಕು. ಟರ್ಕಿ, ಟ್ಯುನೀಷಿಯಾ ಅಥವಾ ಮಾಂಟೆನೆಗ್ರೊದ ಬಂದರು ಸೇರಿದ್ದರೆ ಹಡಗು ಷೆಂಗೆನ್ ವಲಯದಿಂದ ಹೊರಹೋಗಿ ಮತ್ತೆ ಒಳಬರುತ್ತದೆ. ಆಗ ಒಂದೇ ಪ್ರವೇಶದ ವೀಸಾ ಸಾಲದು. ಆಯಾ ದೇಶದ ನಿಯಮವನ್ನೂ ಪ್ರತ್ಯೇಕವಾಗಿ ನೋಡಬೇಕು. ಟರ್ಕಿಯಲ್ಲಿ ಗಡಿಯಾರವೂ ಬೇರೆ; ಗಡುವು ನಡೆಯುವುದು ಹಡಗಿನ ವೇಳೆಯಂತೆ.

ಟಿಕೆಟ್ ದರದಲ್ಲಿ ಕೋಣೆ, ಮೂರು ಹೊತ್ತಿನ ಊಟ, ಮನರಂಜನೆ ಸೇರಿರುತ್ತವೆ. ಪಾನೀಯ, ಇಂಟರ್‌ನೆಟ್, ಬಂದರಿನ ಪ್ರವಾಸಗಳಿಗೆ ಬೇರೆ ಹಣ. ಸೇವಾ ಶುಲ್ಕವೆಂದು ತಲಾ ದಿನಕ್ಕೆ ಹತ್ತು ಯೂರೊಗೂ ಹೆಚ್ಚು ಲೆಕ್ಕಕ್ಕೆ ಸೇರುವುದುಂಟು. ಮೊಬೈಲನ್ನು ಹಡಗು ಹೊರಡುವ ಮುನ್ನವೇ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಬೇಕು. ನಡುಗಡಲಿನಲ್ಲಿ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬರುವ ಬಿಲ್ಲು ಗಾಬರಿಗೊಳಿಸುವಂಥದು.

ಸಸ್ಯಾಹಾರಿಗಳಿಗೆ ಬಫೆಯಲ್ಲಿ ಹೊಟ್ಟೆ ತುಂಬುತ್ತದೆ. ಜೈನ ಪದ್ಧತಿಯ ಊಟ ಬೇಕಾದವರು ಕಾಯ್ದಿರಿಸುವಾಗಲೇ ತಿಳಿಸಬೇಕು. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆಗಳನ್ನು ಬೆಂಕಿಯ ಭಯದಿಂದ ಹಡಗಿನೊಳಕ್ಕೆ ಬಿಡುವುದಿಲ್ಲ. ಹೊರದೇಶದ ಹಾಲಿನ ಪದಾರ್ಥಗಳಿಗೆ ಐರೋಪ್ಯ ಒಕ್ಕೂಟದ ನಿಷೇಧವಿರುವುದರಿಂದ ತುಪ್ಪ, ಧಾರವಾಡ ಪೇಡಾ ಮನೆಯಲ್ಲೇ ಉಳಿಯಲಿ. ಚಟ್ನಿಪುಡಿಗೆ ಆ ತೊಡಕಿಲ್ಲ.

ಹಡಗು ಏರಿದ ದಿನ ನಡೆಯುವ ಸುರಕ್ಷತಾ ತಾಲೀಮನ್ನು ಯಾರೂ ತಪ್ಪಿಸಬಾರದು. 2012ರ ಜನವರಿ 13ರ ರಾತ್ರಿ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗು ಜಿಲಿಯೊ ದ್ವೀಪದ ಬಂಡೆಗೆ ತಾಗಿ ಮಗುಚಿದಾಗ 32 ಮಂದಿ ಸತ್ತರು. ಅಂದು ಸಂಜೆ ಚಿವಿತಾವೆಕ್ಕಿಯಾದಲ್ಲಿ ಹತ್ತಿದವರಿಗೆ ಇನ್ನೂ ತಾಲೀಮು ನಡೆದಿರಲಿಲ್ಲ. ಆಗಿನ ನಿಯಮದಂತೆ 24 ಗಂಟೆಗಳ ಅವಕಾಶವಿತ್ತು. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದು ನಡೆಯಲೇಬೇಕು.

ಇನ್ನು ಆಯಾಸದ ಮಾತು. ಜುಲೈ, ಆಗಸ್ಟ್‌ನಲ್ಲಿ ದಕ್ಷಿಣ ಇಟಲಿಯ ಬಿಸಿಲು ರಾಯಚೂರನ್ನು ನೆನಪಿಸುವಂತಿರುತ್ತದೆ. ಮೇ ಅಥವಾ ಅಕ್ಟೋಬರ್ ಹಿತ. ಆರು ಬಂದರುಗಳಲ್ಲಿ ಒಂದನ್ನಾದರೂ ಬಿಟ್ಟು ಹಡಗಿನಲ್ಲೇ ಉಳಿಯಲು ಸಂಕೋಚಪಡಬೇಕಿಲ್ಲ. ಎಲ್ಲರೂ ಇಳಿದ ಮೇಲೆ ಈಜುಕೊಳ, ಊಟದ ಸಾಲೆ ಎರಡೂ ಖಾಲಿ. ಅವುಗಳ ಬೆಲೆಯನ್ನೂ ಟಿಕೆಟಿನಲ್ಲಿ ಕೊಟ್ಟಾಗಿರುತ್ತದೆ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಕೋಣೆಯ ಹೊರಗಿಡಲು ಹೇಳುತ್ತಾರೆ; ಅವು ಮತ್ತೆ ಸಿಗುವುದು ಮರುದಿನ ಬಂದರಿನ ಕಟ್ಟಡದಲ್ಲಿ. ಬೆಳಿಗ್ಗೆ ಉಡುವ ಬಟ್ಟೆ, ಔಷಧಿ, ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಕೈಚೀಲದಲ್ಲಿರಲಿ.